ಎದುರಿನ ಗುಡ್ಡದ ಮೇಲೆ ಮನೆ ಬಂದರೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮ ಬೀದಿಯ ಎದುರಿಗಿರುವ ಗುಡ್ಡದಲ್ಲಿ 8 ಮನೆ ಕಟ್ಟುತ್ತಾರಂತೆ. ಕಟ್ಟುವವರು ತೋರಿಸಿದ ಚಿತ್ರದಲ್ಲಿ ಬರೀ ಮರಗಳೇ, ಮನೆ ಕಾಣಿಸುವುದೇ ಇಲ್ಲ. ನಾವೆಲ್ಲ ಸೇರಿ ಆಕ್ಷೇಪಣೆ ಬರೆಯುತ್ತಿದ್ದೇವೆ. 'ಗುಡ್ಡದ ಅಂದ ಹಾಳಾಗುತ್ತದೆ' ಅಂತ ಬರೆದರೆ ಸಾಕಾ?

ಉತ್ತರ: ಸಾಕಾಗುವುದಿಲ್ಲ. ಅಂದದ ಮಾತು ತೆಗೆದಿರೋ, 'ನಮಗೇನೋ ಚೆಂದವೇ ಕಾಣುತ್ತದೆ' ಅಂತ ಅವರು ಹೇಳುತ್ತಾರೆ, ಅಲ್ಲಿಗೆ ಮುಗಿಯಿತು. ಬದಲಾಯಿಸಲು ಆಗುವಂಥದ್ದನ್ನು ಹಿಡಿದು ಕೇಳಿ.

ಮೊದಲು ಆ ಚಿತ್ರದ ವಿಚಾರ. ಅದನ್ನು ಎಲ್ಲಿ ನಿಂತು ತೆಗೆದರು, ಯಾವ ಲೆನ್ಸ್ ಹಾಕಿದ್ದರು? ಫುಲ್ ಫ್ರೇಮ್ (ಹಳೆಯ ಫಿಲ್ಮ್ ರೀಲಿನ ಚೌಕಟ್ಟಿನಷ್ಟೇ ದೊಡ್ಡ ಸೆನ್ಸರ್ ಇರುವ) ಕ್ಯಾಮೆರಾದಲ್ಲಿ 50 ಎಂಎಂ ಲೆನ್ಸ್ ಹೆಚ್ಚುಕಡಿಮೆ ನಮ್ಮ ಕಣ್ಣಿಗೆ ಕಂಡಂತೆಯೇ ತೋರಿಸುತ್ತದೆ. ಅದೇ ಜಾಗದಲ್ಲಿ ನಿಂತು 24 ಎಂಎಂ ಹಾಕಿದರೆ ಗುಡ್ಡ, ಮನೆ ಎಲ್ಲ ಅರ್ಧಕ್ಕೆ ಕುಗ್ಗುತ್ತವೆ. ಇದು ಮೋಸ ಅಂತ ಹೇಳುತ್ತಿಲ್ಲ, ಆದರೆ ಕೇಳದೆ ಬಿಡಬೇಡಿ. ಇನ್ನು ಆ ಮರಗಳು. ನೆಟ್ಟು ಎಷ್ಟು ವರ್ಷವಾದ ಮೇಲಿನ ಮರ ಅದು? ಇಂಥ ಚಿತ್ರಗಳಲ್ಲಿ ಮನೆಗೆ ಹೊಸ ಬಣ್ಣ ಇನ್ನೂ ಆರಿರುವುದಿಲ್ಲ, ಮರ ಮಾತ್ರ ಆಗಲೇ ಸೂರಿಗಿಂತ ಎತ್ತರ ಬೆಳೆದುಬಿಟ್ಟಿರುತ್ತದೆ! ಮೊದಲ ವರ್ಷದ್ದೊಂದು, ಹತ್ತನೇ ವರ್ಷದ್ದೊಂದು ಚಿತ್ರ ಬೇಕು ಅಂತ ಕೇಳಿ.

ನೀವೇ ಒಂದು ಲೆಕ್ಕ ಹಾಕಿ ನೋಡಬಹುದು. ಕಿಟಕಿ ಬಳಿ ನಿಂತು ಕೈ ಪೂರ್ತಿ ಚಾಚಿ, ಹೆಬ್ಬೆರಳನ್ನು ಅಡ್ಡ ಹಿಡಿದು ಗುಡ್ಡದ ಕಡೆ ನೋಡಿ. 10 ಮೀಟರ್ ಎತ್ತರದ ಮನೆ 300 ಮೀಟರ್ ದೂರದಲ್ಲಿದ್ದರೆ ಸುಮಾರು ಆ ಬೆರಳಿನ ದಪ್ಪದಷ್ಟು ಎತ್ತರ ಕಾಣುತ್ತದೆ. ಈಗ ಬೆರಳನ್ನು ಇಳಿಜಾರಿನ ಮಧ್ಯಕ್ಕೆ ತನ್ನಿ. ಹಿಂದೆ ಮಣ್ಣು, ಪೊದೆ ಇರುವುದರಿಂದ ಅಷ್ಟೇನೂ ಕಣ್ಣಿಗೆ ಹೊಡೆಯುವುದಿಲ್ಲ. ಅದನ್ನೇ ಗುಡ್ಡದ ನೆತ್ತಿಯ ಗೆರೆಗೆ ಏರಿಸಿ. ಹಿಂದೆ ಬರೀ ಆಕಾಶ, ಗೆರೆ ಅಲ್ಲಿಗೆ ಕಡಿದುಹೋಯಿತು. ಬೆರಳು ಅದೇ, ನೋಟ ಬೇರೆ. ಹಾಗಾಗಿ ನಿಮ್ಮ ಆಕ್ಷೇಪಣೆಯ ಮೊದಲ ಸಾಲು 'ಯಾವ ಮನೆಯ ಸೂರೂ ನೆತ್ತಿಯ ಗೆರೆ ದಾಟಬಾರದು' ಅಂತಿರಲಿ. 8 ಮನೆಯೂ ಬೇಡ ಅನ್ನುವುದಕ್ಕಿಂತ, ಮೇಲಿನ 2 ಮನೆಯನ್ನು ಸ್ವಲ್ಪ ಕೆಳಗೆ ಇಳಿಸಿ ಅನ್ನುವ ಮಾತಿಗೆ ಬೆಲೆ ಜಾಸ್ತಿ.

ಎರಡನೆಯದು ಮಣ್ಣು ಕಡಿಯುವ ವಿಚಾರ, ಇದನ್ನು ಎಲ್ಲರೂ ಮರೆಯುತ್ತಾರೆ. 4 ಅಡಿಗೆ 1 ಅಡಿ ಏರುವ ಇಳಿಜಾರಿನಲ್ಲಿ 12 ಮೀಟರ್ ಉದ್ದಕ್ಕೆ ನೆಲ ಸಮ ಮಾಡಿದರೆ, ಹಿಂದಿನ ತುದಿಗೂ ಮುಂದಿನ ತುದಿಗೂ 3 ಮೀಟರ್ ವ್ಯತ್ಯಾಸ ಬರುತ್ತದೆ. ಅಂದರೆ ಸರಿಯಾಗಿ ಒಂದು ಮಹಡಿ. ಹಿಂದೆ ಕಡಿದ ಮಣ್ಣಿನ ಕೆಂಪು ಗಾಯ, ಮುಂದೆ ಅದನ್ನು ತುಂಬಿ ನಿಲ್ಲಿಸಿದ ತಡೆಗೋಡೆ. ಕಾಗದದಲ್ಲಿ ಎರಡೇ ಮಹಡಿ, ಕೆಳಗಿನಿಂದ ನೋಡುವ ನಿಮಗೆ ಮೂರರವರೆಗೂ ಕಾಣಬಹುದು. ಮೆಟ್ಟಿಲಿನಂತೆ ಹಂತ ಹಂತವಾಗಿ ಇಳಿಜಾರಿನ ಜೊತೆಗೇ ಇಳಿಯುವ ಮನೆ ಕಟ್ಟಿದರೆ ಈ ತೊಂದರೆ ಎಷ್ಟೋ ಕಡಿಮೆ. ಎತ್ತರವನ್ನು ಎಲ್ಲಿಂದ ಅಳೆದಿದ್ದಾರೆ ಅಂತಲೂ ಕೇಳಿ: ಈಗಿರುವ ನೆಲದಿಂದಲೋ, ಮಣ್ಣು ತುಂಬಿದ ಮೇಲಿನ ನೆಲದಿಂದಲೋ?

ಮತ್ತೆ, ಕಂಬ ನೆಟ್ಟು ತೋರಿಸಿ ಅನ್ನಿ. ಸ್ವಿಟ್ಜರ್ಲೆಂಡ್‌ನಲ್ಲಿ ಕಟ್ಟುವ ಮೊದಲೇ ಮನೆಯ ಮೂಲೆಗಳಿಗೆ ಎತ್ತರದ ಕಂಬ ನಿಲ್ಲಿಸಿ, ಸೂರಿನ ಆಕಾರ ಇಷ್ಟು ಅಂತ ಎಲ್ಲರಿಗೂ ಕಾಣುವ ಹಾಗೆ ತೋರಿಸುವ ಪದ್ಧತಿ ಇದೆ. ಕಂಬ ಎದ್ದ ದಿನ ಅರ್ಧ ಜಗಳ ತಣ್ಣಗಾಗುತ್ತದೆ, ಇನ್ನರ್ಧ ಜೋರಾಗುತ್ತದೆ. ಯಾವುದೇ ಆದರೂ ಸುಮ್ನೆ ಊಹೆ ಮಾಡಿಕೊಂಡು ಕಾದಾಡುವ ಪರಿಸ್ಥಿತಿ ಬರುವುದಿಲ್ಲ.

ಪ್ರಶ್ನೆ: ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ ಆ ಗುಡ್ಡವನ್ನು. ನನ್ನ ಕಿಟಕಿಯ ನೋಟದ ಮೇಲೆ ನನಗೆ ಹಕ್ಕಿಲ್ಲವಾ?

ಉತ್ತರ: ಬೇಜಾರಾಗಬೇಡಿ, ಸಾಮಾನ್ಯವಾಗಿ ಇಲ್ಲ. 1610ರಲ್ಲಿ ಇಂಗ್ಲೆಂಡಿನಲ್ಲಿ ಆಲ್ಡ್ರೆಡ್ ಅನ್ನುವವರೊಬ್ಬರು ಪಕ್ಕದವನ ಹಂದಿಗೂಡಿನ ನಾತದ ಮೇಲೆ ಕೇಸು ಹಾಕಿದ್ದರು. ನಾತಕ್ಕೆ ಪರಿಹಾರ ಸಿಕ್ಕಿತು. ಆದರೆ ಅದೇ ತೀರ್ಪಿನಲ್ಲಿ, ನೋಟ ಅನ್ನುವುದು ಬರೀ ಸಂತೋಷದ ವಿಷಯ, ಅದು ಹೋಯಿತು ಅಂತ ದಾವೆ ಹೂಡಲು ಬರುವುದಿಲ್ಲ ಅನ್ನುವ ಮಾತೂ ಬಂತು. ಇಂಗ್ಲಿಷ್ ಕಾನೂನಿನ ದಾರಿ ಹಿಡಿದ ಕಡೆಗಳಲ್ಲಿ ಆ ಮಾತಿನ ನೆರಳು ಇನ್ನೂ ಇದೆ. ಆದರೆ ಕಟ್ಟಲು ಅನುಮತಿ ಕೊಡುವಾಗ ಲೆಕ್ಕ ಬೇರೆ. ರಸ್ತೆ, ಪಾರ್ಕು, ಕೆರೆ ದಂಡೆ ಹೀಗೆ ಎಲ್ಲರೂ ನಿಲ್ಲುವ ಜಾಗದಿಂದ ಗುಡ್ಡ ಹೇಗೆ ಕಾಣುತ್ತದೆ ಅನ್ನುವುದನ್ನು ಹಲವು ಕಡೆ ಪರಿಗಣಿಸುತ್ತಾರೆ. ನಿಮ್ಮ ಕಿಟಕಿಯಿಂದ ತೆಗೆದ ಫೋಟೋ ಬೇಡ, ಬೀದಿ ತಿರುವಿನಲ್ಲಿ ನಿಂತು ತೆಗೆದ ಫೋಟೋ ಲಗತ್ತಿಸಿ.

ಪ್ರಶ್ನೆ: ನಾನು ಆ ಕಡೆಯವನು, ಗುಡ್ಡದಲ್ಲಿ ಮನೆ ಕಟ್ಟಲು ಹೊರಟವನು. ಕೆಳಗಿನವರೆಲ್ಲ ನನ್ನನ್ನು ಖಳನಾಯಕ ಮಾಡಿದ್ದಾರೆ. ಏನು ಮಾಡಲಿ?

ಉತ್ತರ: ಬಿಳಿ ಬಣ್ಣದ ಆಸೆ ಬಿಡಿ. ಹಸಿರು ಗುಡ್ಡದಲ್ಲಿ ಬಿಳಿ ಗೋಡೆ ಕಿಲೋಮೀಟರ್ ದೂರಕ್ಕೂ ಹೊಳೆಯುತ್ತದೆ. ಬಣ್ಣದ ಕಂಪನಿಗಳ ಪಟ್ಟಿಯಲ್ಲಿ ಎಲ್‌ಆರ್‌ವಿ ಅಂತ ಒಂದು ಸಂಖ್ಯೆ ಇರುತ್ತದೆ, ಆ ಬಣ್ಣ ಎಷ್ಟು ಬೆಳಕನ್ನು ಹಿಂದಕ್ಕೆ ಚೆಲ್ಲುತ್ತದೆ ಅನ್ನುವ ಲೆಕ್ಕ ಅದು: ಕಡುಕಪ್ಪಿಗೆ 0, ಅಚ್ಚ ಬಿಳಿಗೆ 100. ಅದು ಕಡಿಮೆ ಇರುವ, ಅಲ್ಲಿನ ಮಣ್ಣಿಗೆ ಹೊಂದುವ ಬಣ್ಣ ಆರಿಸಿ. ಸೂರಿಗೂ ಅಷ್ಟೇ. ಪಶ್ಚಿಮಕ್ಕೆ ದೊಡ್ಡ ಗಾಜು ಇಡುತ್ತೀರಾದರೆ ಮೇಲೆ ಉದ್ದನೆಯ ಛಜ್ಜಾ ಬಿಡಿ. ಸಂಜೆ ತೀರಾ ಇಳಿದ ಬಿಸಿಲನ್ನು ಅದು ತಡೆಯುವುದಿಲ್ಲ, ಹಾಗಾಗಿ ಹೊರಗಡೆ ಅಡ್ಡಪಟ್ಟಿಯನ್ನೂ ಹಾಕಿಸಿದರೆ ಒಳ್ಳೆಯದು. ಇಲ್ಲದಿದ್ದರೆ ದಿನಾ ಸಂಜೆ ಇಡೀ ಬೀದಿಯ ಕಣ್ಣಿಗೆ ನಿಮ್ಮ ಕಿಟಕಿ ಕನ್ನಡಿ ಹಿಡಿದಂತಾಗುತ್ತದೆ.

ರಾತ್ರಿ ಇನ್ನೂ ಮುಖ್ಯ. ಕತ್ತಲೆ ಗುಡ್ಡದಲ್ಲಿ ಒಂದೇ ಬಲ್ಬ್ ಸಾಕು ಕಣ್ಣು ಕುಕ್ಕಲು. ಹೊರಗಿನ ದೀಪಗಳಿಗೆ ಟೋಪಿ ಇರಲಿ, ಬೆಳಕು ಕೆಳಕ್ಕಷ್ಟೇ ಬೀಳಲಿ, 3000 ಕೆಲ್ವಿನ್ ದಾಟದ ಹಳದಿ ಬಲ್ಬ್ ಹಾಕಿ.

ಆಮೇಲೆ, ನಕ್ಷೆ ಸಲ್ಲಿಸುವ ಮುಂಚೆ ಕೆಳಗಿನ ಮನೆಗಳಿಗೆ ಹೋಗಿ, ಅವರ ಅಂಗಳದಲ್ಲಿ ನಿಂತು ನಿಮ್ಮ ಸೈಟನ್ನು ಒಮ್ಮೆ ನೋಡಿ ಬನ್ನಿ. ಅಳತೆ ಟೇಪ್ ಜೊತೆಗಿರಲಿ.