ಕೇಳಿಸದಿದ್ದರೆ ‘ಕೇಳಿಸಲಿಲ್ಲ’ ಎನ್ನಿ

ಪ್ರಶ್ನೆ: ಬಿ.ಎಸ್ಸಿ. ನರ್ಸಿಂಗ್ ಮೊದಲ ವರ್ಷದಲ್ಲಿದ್ದೇನೆ. ಇನ್ನು ಹತ್ತು ದಿನಕ್ಕೆ ಮೆಡಿಕಲ್ ವಾರ್ಡಿನಲ್ಲಿ ಮೊದಲ ಪೋಸ್ಟಿಂಗ್. ಲ್ಯಾಬಿನಲ್ಲಿ ಬಿಪಿ ನೋಡುವಾಗ ನನಗೆ ಶಬ್ದವೇ ಕೇಳಿಸದು. ಪಕ್ಕದವಳ ಅಂಕಿಯನ್ನೇ ಬರೆದುಬಿಡುತ್ತೇನೆ. ರಕ್ತ ಕಂಡರೆ ತಲೆ ಸುತ್ತುತ್ತದೆ. ಕೋರ್ಸ್ ಬಿಡಬೇಕೆನಿಸುತ್ತಿದೆ, ಅಪ್ಪನಿಗೆ ಹೇಳಲು ಧೈರ್ಯವಿಲ್ಲ.

ಉತ್ತರ: ಕೋರ್ಸ್ ಬಿಡಬೇಡಿ. ಬಿಡಬೇಕಾದದ್ದು ಪಕ್ಕದವಳ ಅಂಕಿ ಬರೆಯುವುದನ್ನು, ಅದೂ ಇವತ್ತೇ. ವಾರ್ಡಿನಲ್ಲಿ ಆ ಅಂಕಿ ನೋಡಿಯೇ ಮಾತ್ರೆ ಹೆಚ್ಚು ಕಡಿಮೆ ಮಾಡುತ್ತಾರೆ. ‘ಸಿಸ್ಟರ್, ಕೇಳಿಸಲಿಲ್ಲ, ಒಮ್ಮೆ ನೋಡ್ತೀರಾ?’ ಎಂದರೆ ಬೈಸಿಕೊಳ್ಳಬಹುದು, ಆದರೆ ರೋಗಿ ಕ್ಷೇಮವಾಗಿರುತ್ತಾರೆ.

ಶಬ್ದ ಕೇಳಿಸದಿರಲು ಹೆಚ್ಚಿನ ಸಲ ಕಿವಿ ಕಾರಣವಲ್ಲ. ಸ್ಟೆತಸ್ಕೋಪಿನ ಕಿವಿಗಿಡುವ ತುದಿಗಳು ಮೂಗಿನ ಕಡೆಗೆ ಬಾಗಿರಬೇಕು. ತಿರುಗುಮುರುಗಾದರೆ ಕಿವಿಯ ಗೋಡೆಗೆ ಒತ್ತಿ ಮುಚ್ಚಿಹೋಗುತ್ತವೆ. ಇನ್ನೊಂದು ತುದಿಯ ಬಿಲ್ಲೆ ಎರಡು ಮುಖದ್ದಾದರೆ ಯಾವ ಮುಖ ತೆರೆದಿದೆಯೆಂದು ಬೆರಳಿನಿಂದ ತಟ್ಟಿ ನೋಡಿ. ಅಂಗೈ ಮೇಲಾಗಿಸಿ, ಮೊಣಕೈ ಮಡಿಕೆಯಲ್ಲಿ ಕಿರುಬೆರಳಿನ ಬದಿಗೆ ನಾಡಿ ಹುಡುಕಿ, ಬಿಲ್ಲೆ ಇಡುವುದು ಅಲ್ಲೇ. ತೋಳಿಗೆ ಸುತ್ತುವ ಗಾಳಿಪಟ್ಟಿಯ (ಕಫ್) ಕೆಳ ಅಂಚು ಆ ಮಡಿಕೆಗಿಂತ 2–3 ಸೆಂ.ಮೀ. ಮೇಲಿರಲಿ, ತೋಳು ಎದೆಯ ಮಟ್ಟದಲ್ಲಿ ಆಸರೆ ಪಡೆದಿರಲಿ. ಮಣಿಕಟ್ಟಿನ ನಾಡಿ ಹಿಡಿದು ಗಾಳಿ ತುಂಬಿ. ಬಡಿತ ನಿಂತ ಅಂಕಿಯಿಂದ ಇನ್ನೂ 30 ಏರಿಸಿ. ಇಳಿಸುವುದು ಸೆಕೆಂಡಿಗೆ 2–3 ಮಿ.ಮೀ. ಮಾತ್ರ. ಹೊಸಬರು ಎಡವುವುದು ಇಲ್ಲೇ: ಗಾಬರಿಯಲ್ಲಿ ಗಾಳಿ ಬಿಡುವ ಸ್ಕ್ರೂ ಪೂರ್ತಿ ತಿರುಗಿಸಿದರೆ ಮೊದಲ ಬಡಿತ ತಪ್ಪಿ ಮೇಲಿನ ಅಂಕಿ ಕಡಿಮೆ ಬರುತ್ತದೆ. ತಪ್ಪಿದರೆ ಅರ್ಧದಲ್ಲೇ ಮತ್ತೆ ಗಾಳಿ ಒತ್ತಬೇಡಿ. ಪೂರ್ತಿ ಇಳಿಸಿ, ಒಂದೆರಡು ನಿಮಿಷ ಬಿಟ್ಟು ನೋಡಿ. ದಿನಕ್ಕೆ ಐದು ತೋಳು ಸಿಕ್ಕರೆ ಸಾಕು, ಹಾಸ್ಟೆಲಿನಲ್ಲೇ ಸಿಗುತ್ತವೆ. ದಪ್ಪ ತೋಳೂ ಇರಲಿ. ಅದಕ್ಕೆ ಚಿಕ್ಕ ಕಫ್ ಕಟ್ಟಿದರೆ ಬಿಪಿ ಇರುವುದಕ್ಕಿಂತ ಹೆಚ್ಚು ತೋರುತ್ತದೆ ಎಂಬುದು ಆಗ ಗೊತ್ತಾಗುತ್ತದೆ.

ತಲೆಸುತ್ತು ಹೇಡಿತನವಲ್ಲ. ರಕ್ತ ಕಂಡಾಗ ಕೆಲವರಿಗೆ ನಾಡಿ ನಿಧಾನವಾಗಿ, ಬಿಪಿ ಕುಸಿದು, ಮಿದುಳಿಗೆ ರಕ್ತ ಸಾಲದಾಗುತ್ತದೆ. ತಿಂಡಿ ತಿಂದು, ನೀರು ಕುಡಿದೇ ಹೋಗಿ. ಒಂದೇ ಕಡೆ ಮೊಣಕಾಲು ಸೆಟೆಸಿ ನಿಲ್ಲಬೇಡಿ. ಬೆವರಿ ಕಣ್ಣು ಮಂಜಾದರೆ ತೊಡೆ, ಮೀನಖಂಡ ಬಿಗಿಹಿಡಿದು, ಪಕ್ಕದವರಿಗೆ ಹೇಳಿ ಅಲ್ಲೇ ನೆಲದಲ್ಲಿ ಕುಳಿತುಬಿಡಿ. ನಾಚಿಕೆಯಿಂದ ಹೊರಗೋಡಲು ಹೋದರೆ ದಾರಿಯಲ್ಲೇ ಬಿದ್ದು ಪೆಟ್ಟಾಗುತ್ತದೆ.

ನೀವು ಬರೆಯದಿದ್ದರೂ ಇನ್ನೊಂದು ಮಾತು. ರಕ್ತದಿಂದ ಹರಡುವ ಯಕೃತ್ತಿನ ಸೋಂಕಾದ ಹೆಪಟೈಟಿಸ್ ಬಿ ಲಸಿಕೆ ಆಗಿದೆಯೇ? ಇಲ್ಲದಿದ್ದರೆ ಈ ವಾರವೇ ಶುರುಮಾಡಿ. ಉಳಿದೆರಡು ಡೋಸ್ ಮೊದಲನೆಯದರಿಂದ 1 ಮತ್ತು 6 ತಿಂಗಳಿಗೆ. ಬಳಸಿದ ಸೂಜಿಗೆ ಕ್ಯಾಪ್ ಮರಳಿ ಹಾಕಬೇಡಿ, ಸೂಜಿಗೆಂದೇ ಇಟ್ಟ ಬಿಳಿ ಡಬ್ಬಕ್ಕೆ ನೇರ ಹಾಕಿ. ಚುಚ್ಚಿಕೊಂಡರೆ ಹಿಂಡದೆ ಸೋಪು ನೀರಲ್ಲಿ ತೊಳೆದು ಕೂಡಲೇ ತಿಳಿಸಿ. ಬೈತಾರೆಂದು ಮುಚ್ಚಿಡಬೇಡಿ: ಎಚ್‌ಐವಿ ತಡೆಯುವ ಮಾತ್ರೆ ಬೇಕಾದರೆ 72 ಗಂಟೆಯೊಳಗೆ, ಆದಷ್ಟು ಬೇಗ ಶುರುವಾಗಬೇಕು.

ಅಪ್ಪನಿಗಿಂತ ಮೊದಲು ನಿಮ್ಮ ಕ್ಲಿನಿಕಲ್ ಟೀಚರಿಗೆ ಈ ಪತ್ರದಲ್ಲಿದ್ದುದನ್ನೇ ಹೇಳಿ. ಇಬ್ಬರು ಒಟ್ಟಿಗೆ ಕೇಳಬಹುದಾದ ಟೀಚಿಂಗ್ ಸ್ಟೆತಸ್ಕೋಪ್ ಕಾಲೇಜಿನಲ್ಲಿದ್ದರೆ, ಅರ್ಧ ಗಂಟೆ ಜೊತೆಗೆ ಕೂರಲು ಕೇಳಿಕೊಳ್ಳಿ. ಮೊದಲ ಬಡಿತ ಬಂದಾಗ ಅವರು ಕೈ ಎತ್ತಲಿ, ನೀವೂ ಎತ್ತಿ. ಇಬ್ಬರ ಕೈಯೂ ಒಟ್ಟಿಗೆ ಏಳುವವರೆಗೆ ಮಾಡಿ.