ಆನೆ ಕೇಂದ್ರಕ್ಕೆ ಹೋಗಿ, ಅನಾಥಾಶ್ರಮಕ್ಕೆ ಬೇಡ

ಪ್ರಶ್ನೆ: ನಾನು ಹಾಸನದವನು, 24 ವರ್ಷ. ಕೆಲಸ ಬಿಟ್ಟು ನಾಲ್ಕು ತಿಂಗಳು ಥಾಯ್ಲೆಂಡ್, ಕಾಂಬೋಡಿಯಾ, ನೇಪಾಳ ಸುತ್ತಬೇಕು ಅಂತಿದ್ದೀನಿ. ಬರೀ ಸುತ್ತೋ ಬದಲು ಎರಡು ವಾರ ಆನೆ ರಕ್ಷಣಾ ಕೇಂದ್ರದಲ್ಲಿ, ಎರಡು ವಾರ ಅನಾಥಾಶ್ರಮದಲ್ಲಿ ಸ್ವಯಂಸೇವೆ ಮಾಡೋ ಆಸೆ. ಒಂದು ಏಜೆನ್ಸಿ ಎರಡಕ್ಕೂ ಸೇರಿಸಿ 1,40,000 ರೂಪಾಯಿ ಕೇಳ್ತಿದೆ. ಸೇವೆ ಮಾಡೋಕೂ ದುಡ್ಡು ಕೊಡಬೇಕಾ? ಹೋಗಬಹುದಾ?

ಉತ್ತರ:

ಆನೆ ಕೇಂದ್ರಕ್ಕೆ ಹೋಗಬಹುದು, ನೋಡಿ ಆರಿಸಿಕೊಂಡು. ಅನಾಥಾಶ್ರಮಕ್ಕೆ ಮಾತ್ರ ದಯವಿಟ್ಟು ಹೋಗಬೇಡಿ.

ನಾನು ಸಕಲೇಶಪುರ ತಾಲ್ಲೂಕಿನ ಹಾನುಬಾಳು ಕಡೆಯವಳು. 2018ರಲ್ಲಿ ಬೆಂಗಳೂರಿನ ಕೆಲಸ ಬಿಟ್ಟು, ಬೆನ್ನಿಗೊಂದು ಚೀಲ ಏರಿಸಿಕೊಂಡು ನೀವು ಹೇಳಿದ ಇದೇ ಮೂರು ದೇಶ ಸುತ್ತಿದೆ. ನೀವು ಕೇಳಿರುವ ಎರಡೂ ಕೆಲಸ ಮಾಡಿದ್ದೇನೆ. ಆನೆಗಳ ಜೊತೆ ಕಳೆದ ದಿನಗಳಿಗೆ ಈಗಲೂ ಸಂತೋಷವಿದೆ. ಮಕ್ಕಳ ಜೊತೆ ಕಳೆದದ್ದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಅದನ್ನೇ ಮೊದಲು ಹೇಳುತ್ತೇನೆ.

ಕಾಂಬೋಡಿಯಾದ ಸಿಯಾಮ್ ರೀಪ್‌ನಲ್ಲಿ, ಅಂಕೋರ್‌ವಾಟ್ ನೋಡಲು ಹೋದವರೆಲ್ಲ ಉಳಿಯುವ ಊರಿನಲ್ಲಿ, ಗೆಸ್ಟ್‌ಹೌಸಿನ ಗೋಡೆಗೆ ಒಂದು ಚೀಟಿ ಅಂಟಿಸಿದ್ದರು. ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವವರು ಬೇಕಾಗಿದ್ದಾರೆ, ಅನುಭವ ಬೇಕಿಲ್ಲ ಅಂತ. ಫೋನ್ ಮಾಡಿದೆ. ಪಾಸ್‌ಪೋರ್ಟಿನ ಜೆರಾಕ್ಸ್ ಮತ್ತು ಎರಡು ವಾರದ ದುಡ್ಡು ತೆಗೆದುಕೊಂಡರು, ಅಷ್ಟೇ. ಹಿಂದೆ ಏನು ಮಾಡುತ್ತಿದ್ದೆ, ಪೊಲೀಸ್ ಪರಿಶೀಲನೆಯ ಪತ್ರ ಇದೆಯಾ, ಯಾರೂ ಕೇಳಲಿಲ್ಲ. ಮಾರನೇ ದಿನ ಬೆಳಿಗ್ಗೆ ಮೂವತ್ತು ಮಕ್ಕಳ ಮುಂದೆ ನಿಂತಿದ್ದೆ. ಯೋಚಿಸಿ, ನಮ್ಮೂರ ಅಂಗನವಾಡಿಗೆ ಎಲ್ಲಿಂದಲೋ ಬಂದ ಅಪರಿಚಿತರೊಬ್ಬರು ಹೀಗೆ ನುಗ್ಗಲು ನಾವು ಬಿಡುತ್ತೇವಾ?

ಒಂಬತ್ತು ವರ್ಷದ ಹುಡುಗಿಯೊಬ್ಬಳು ತನ್ನ ನೋಟ್‌ಬುಕ್ ತೋರಿಸಲು ತಂದಳು. ಮೊದಲ ಪುಟದಲ್ಲಿ ಇಂಗ್ಲಿಷ್ ಅಕ್ಷರಮಾಲೆ. ಮೇಲಿನ ಸಾಲು ಯಾರೋ ದೊಡ್ಡವರು ಬರೆದುಕೊಟ್ಟದ್ದು, ಕೆಳಗಿನದು ಅವಳು ತಿದ್ದಿದ್ದು. ಮುಂದಿನ ಪುಟಗಳಲ್ಲಿ ಬಣ್ಣಗಳ ಹೆಸರು, ಹಣ್ಣುಗಳ ಹೆಸರು. ಇನ್ನೆರಡು ಪುಟ ತಿರುಗಿಸಿದರೆ ಮತ್ತೆ ಅಕ್ಷರಮಾಲೆ, ಬೇರೊಬ್ಬರ ಕೈಬರಹದಲ್ಲಿ. ಮತ್ತೆ ಬಣ್ಣ, ಮತ್ತೆ ಹಣ್ಣು. ಹೀಗೆ ಏಳು ಕೈಬರಹ ಎಣಿಸಿದೆ. ಆ ಮಗು ಏಳು ಸಲ ಮೊದಲ ಅಕ್ಷರದಿಂದ ಶುರು ಮಾಡಿತ್ತು. ಬಂದವರೆಲ್ಲ ತಾವೇ ಮೊದಲು ಬಂದವರು ಅನ್ನುವ ಹಾಗೆ ಕಲಿಸಿ ಹೋಗಿದ್ದರು. ಎಂಟನೆಯ ಕೈಬರಹ ನನ್ನದು.

ಆ ಮಕ್ಕಳಿಗೆ ಒಂದು ಇಂಗ್ಲಿಷ್ ವಾಕ್ಯ ಮಾತ್ರ ತಡವರಿಸದೆ ಬರುತ್ತಿತ್ತು. ನೀವು ಯಾವಾಗ ಹೋಗುತ್ತೀರಿ? ಮೊದಲ ದಿನವೇ, ನನ್ನ ಹೆಸರು ಕೇಳುವ ಮುಂಚೆ ಅದನ್ನು ಕೇಳಿದರು. ಕೇಳಿಕೊಂಡೇ ಬಂದು ತೊಡೆಯ ಮೇಲೆ ಕೂತರು, ಕುತ್ತಿಗೆಗೆ ಜೋತುಬಿದ್ದರು. ನನಗಾಗ ಎಷ್ಟು ಪ್ರೀತಿಯ ಮಕ್ಕಳಪ್ಪಾ ಅನ್ನಿಸಿತ್ತು. ಮನೆಯಲ್ಲಿ ಬೆಳೆದ ಮಗು ಹಾಗೆ ಮಾಡುವುದಿಲ್ಲ. ಹೊಸಬರನ್ನು ಕಂಡರೆ ಅಮ್ಮನ ಸೆರಗಿನ ಹಿಂದೆ ಸರಿಯುತ್ತದೆ, ಅಲ್ಲಿಂದ ಇಣುಕುತ್ತದೆ. ಸಿಕ್ಕಸಿಕ್ಕವರನ್ನು ತಬ್ಬಿಕೊಳ್ಳುವ ಮಗುವಿಗೆ ಇಂಥವರೇ ನನ್ನವರು ಅನ್ನುವ ಭರವಸೆ ಎಲ್ಲೋ ಮುರಿದಿರುತ್ತದೆ. ಹದಿನೈದು ದಿನಕ್ಕೊಬ್ಬರು ಬಂದು, ಮುದ್ದು ಮಾಡಿ, ಫೋಟೊ ತೆಗೆದುಕೊಂಡು ಹೋದಷ್ಟೂ ಆ ಮುರುಕು ದೊಡ್ಡದಾಗುತ್ತದೆ.

ಎರಡನೇ ಭಾನುವಾರ ಆ ಹುಡುಗಿಯನ್ನು ನೋಡಲು ಒಬ್ಬ ಹೆಂಗಸು ಬಂದರು. ಬಾಳೆ ಎಲೆಯಲ್ಲಿ ಸುತ್ತಿ ಬೇಯಿಸಿದ ಅಂಟಕ್ಕಿಯ ಕಡುಬು ತಂದಿದ್ದರು. ಬೇಲಿಯ ಹತ್ತಿರ ಕೂತು ಮಗಳ ತಲೆ ಬಾಚಿ, ಜಡೆ ಹಾಕಿದರು. ಅಡುಗೆಯವರನ್ನು ಯಾರಿವರು ಅಂತ ಕೇಳಿದೆ. ತಾಯಿ ಅಂದರು. ಇಲ್ಲಿ ಊಟ ಇದೆ, ಇಂಗ್ಲಿಷ್ ಕಲಿಸುತ್ತಾರೆ ಅಂತ ಬಿಟ್ಟುಹೋಗಿದ್ದಾರೆ, ಇಲ್ಲಿರುವ ಬಹಳಷ್ಟು ಮಕ್ಕಳಿಗೆ ಅಪ್ಪನೋ ಅಮ್ಮನೋ ಇದ್ದಾರೆ ಅಂದರು. ಅವತ್ತು ರಾತ್ರಿ ಮನೆಗೆ ಫೋನ್ ಮಾಡಿ ಹೇಳಿದಾಗ ನಮ್ಮವ್ವ ಕೇಳಿದ್ದು ಒಂದೇ ಮಾತು: "ತಾಯಿ ಬದುಕಿರೋ ಮಗೀನ ಅನಾಥ ಅಂತ ಹೆಂಗವ್ವ ಕರೀತಾರೆ?"

ಅದು ಆ ಒಂದು ಆಶ್ರಮದ ಕಥೆಯಲ್ಲ ಅನ್ನುವುದು ಆಮೇಲೆ ತಿಳಿಯಿತು. ಕಾಂಬೋಡಿಯಾದ ಅನಾಥಾಶ್ರಮಗಳಲ್ಲಿರುವ ನಾಲ್ಕು ಮಕ್ಕಳಲ್ಲಿ ಮೂವರಿಗೆ ತಂದೆ ಅಥವಾ ತಾಯಿ ಇದ್ದಾರೆ ಎಂದು 2011ರಲ್ಲಿ ಯುನಿಸೆಫ್ ಬೆಂಬಲದ ಅಧ್ಯಯನವೊಂದು ಹೇಳಿತ್ತು. 2005ರಲ್ಲಿ 154 ಇದ್ದ ಆಶ್ರಮಗಳು 2010ಕ್ಕೆ 269 ಆಗಿದ್ದವು. ಆ ಐದು ವರ್ಷದಲ್ಲಿ ಹೆಚ್ಚಿದ್ದು ಅನಾಥ ಮಕ್ಕಳಲ್ಲ, ಪ್ರವಾಸಿಗರು ಮತ್ತು ಅವರು ಕೊಡುವ ದುಡ್ಡು. ನೇಪಾಳದಲ್ಲೂ ಹಾಗೇ. ಆಶ್ರಮಗಳು ಬಹುಪಾಲು ಇರುವುದು ಕಾಠ್ಮಂಡು ಕಣಿವೆ, ಪೋಖರಾ, ಚಿತ್ವನದಂಥ ಪ್ರವಾಸಿಗರು ತುಂಬಿರುವ ಜಾಗಗಳಲ್ಲಿ. ಹುಮ್ಲಾದಂಥ ದೂರದ ಗುಡ್ಡಗಾಡಿನಿಂದ, ಓದಿಸುತ್ತೇವೆ ಅಂತ ತಂದೆತಾಯಿಯನ್ನು ನಂಬಿಸಿ, ಅವರಿಂದಲೇ ದುಡ್ಡು ಪಡೆದು ಮಕ್ಕಳನ್ನು ಕರೆತಂದ ದಲ್ಲಾಳಿಗಳಿದ್ದಾರೆ. ಅನಾಥಾಶ್ರಮದ ಸ್ವಯಂಸೇವೆಯಿಂದ ಮಕ್ಕಳಿಗೆ ಆಗುವ ಹಾನಿಯ ಬಗ್ಗೆ 2019ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯೇ ತನ್ನ ನಿರ್ಣಯದಲ್ಲಿ ಎಚ್ಚರಿಸಿದೆ. ನಾವು ಕೊಡುವ ದುಡ್ಡಿನಿಂದ ಆ ಮಗುವಿಗೆ ಮನೆ ಸಿಗುವುದಿಲ್ಲ. ಆ ದುಡ್ಡು ಬರುತ್ತಿರಲಿ ಅಂತಲೇ ಮಗುವನ್ನು ಮನೆಯಿಂದ ದೂರ ಇಡುತ್ತಾರೆ.

ಹೊರಡುವ ದಿನ ಆ ಹುಡುಗಿ ಅಳಲಿಲ್ಲ. ಅಳುತ್ತಿದ್ದವಳು ನಾನು. ಅವಳು ನನ್ನ ಕೈಗೊಂದು ಚಿತ್ರ ಕೊಟ್ಟು, ಗೇಟಿನ ಕಡೆ ತಿರುಗಿ ನೋಡಿದಳು. ಹೊಸ ಹುಡುಗ ಒಬ್ಬ ಚೀಲ ಇಳಿಸುತ್ತಿದ್ದ. ಅವನ ಕಡೆ ಓಡಿದಳು.

ಈಗ ಆನೆಗಳ ವಿಷಯ.

ನೀವು ಹಾಸನದವರು, ಆನೆ ಅಂದರೆ ಏನು ಅಂತ ನಿಮಗೆ ನಾನು ಹೇಳಬೇಕಿಲ್ಲ. ಆಲೂರು, ಸಕಲೇಶಪುರ, ಬೇಲೂರು ಕಡೆ ಬೆಳಿಗ್ಗೆ ತೋಟಕ್ಕೆ ಇಳಿಯುವ ಮುಂಚೆ ಲದ್ದಿ ಎಲ್ಲಿ ಬಿದ್ದಿದೆ ಅಂತ ನೋಡಿಯೇ ಇಳಿಯುತ್ತೇವೆ. ಬಿಸಿ ಇದ್ದರೆ ಇಲ್ಲೇ ಇದೆ ಅಂತ ಅರ್ಥ. 2014ರಲ್ಲಿ ಆಲೂರು ಭಾಗದಲ್ಲಿ 20ಕ್ಕೂ ಹೆಚ್ಚು ಆನೆ ಹಿಡಿದರು. ಹಗ್ಗ ಬಿಗಿದ ಆನೆಯನ್ನು ಲಾರಿಗೆ ಹತ್ತಿಸಿಕೊಂಡು ಹೋಗುವಾಗ ರಸ್ತೆ ಪಕ್ಕದಲ್ಲಿ ನಿಂತು ನೋಡಿದ್ದೆ. ಬೆಳೆ ಕಳೆದುಕೊಂಡವರು, ಮನೆಯವರನ್ನೇ ಕಳೆದುಕೊಂಡವರು ಕೂಡ ಅವತ್ತು ಮಾತಾಡಲಿಲ್ಲ. ಆನೆಗಳ ಜೊತೆ ಕೆಲಸ ಮಾಡಬೇಕು ಅನ್ನುವ ಆಸೆ ನನಗೆ ಹುಟ್ಟಿದ್ದು ಅಲ್ಲಿ.

ಥಾಯ್ಲೆಂಡಿನಲ್ಲಿ ಸಾಕಿದ ಆನೆಗಳು ಅಷ್ಟೊಂದು ಇರುವುದಕ್ಕೆ ಕಾರಣವಿದೆ. ಅಲ್ಲಿ ಕಾಡಿನ ಮರ ಸಾಗಿಸಲು ಆನೆಗಳನ್ನು ಬಳಸುತ್ತಿದ್ದರು. 1989ರಲ್ಲಿ ಸರ್ಕಾರ ಮರ ಕಡಿಯುವುದನ್ನು ನಿಷೇಧಿಸಿದಾಗ ಆನೆಗಳಿಗೂ ಮಾವುತರಿಗೂ ಒಟ್ಟಿಗೇ ಕೆಲಸ ಹೋಯಿತು. ಹೊಟ್ಟೆಪಾಡಿಗೆ ಪ್ರವಾಸಿಗರ ಸವಾರಿ, ಸರ್ಕಸ್ಸು, ಸೊಂಡಿಲಿನಿಂದ ಚಿತ್ರ ಬರೆಸುವುದು ಬಂತು. ಮರಿಯನ್ನು ಪಳಗಿಸಲು ಅಲ್ಲಿ ಫಜಾನ್ ಅನ್ನುವ ಪದ್ಧತಿ ಇದೆ. ಇಕ್ಕಟ್ಟಾದ ಮರದ ಬೋನಿನಲ್ಲಿ ಕಟ್ಟಿಹಾಕಿ, ಹೊಡೆದು, ನಿದ್ದೆಗೆಡಿಸಿ, ಅದರ ಹಟ ಮುರಿಯುವುದು. ಹಿಡಿದ ಕಾಡಾನೆಯನ್ನು ಪಳಗಿಸಲು ಕೂಡಿಹಾಕುವ ನಮ್ಮ ಮರದ ದೊಡ್ಡಿ, ಕ್ರಾಲ್, ನೋಡಿದವರಿಗೆ ಆ ಬೋನಿನ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಬೆನ್ನ ಮೇಲೆ ಕೂರಿಸಿಕೊಳ್ಳುವ ಪ್ರತಿ ಆನೆಯ ಹಿಂದೆಯೂ ಇಂಥದೊಂದು ಪಳಗಿಸುವಿಕೆ ಇರುತ್ತದೆ.

ಚಿಯಾಂಗ್ ಮಾಯ್ ಹತ್ತಿರದ ಮೇತೆಂಗ್ ಕಣಿವೆಯಲ್ಲಿ ಲೇಕ್ ಚೈಲರ್ಟ್ ಅನ್ನುವ ಹೆಣ್ಣುಮಗಳು ಕಟ್ಟಿದ ಎಲಿಫೆಂಟ್ ನೇಚರ್ ಪಾರ್ಕ್ ಇದೆ. ಸವಾರಿ ಇಲ್ಲದೆಯೂ ಆನೆಗಳನ್ನು ಸಾಕಬಹುದು ಅಂತ ತೋರಿಸಿದ್ದು ಆಕೆ. ಈಗ ಆ ದಾರಿ ಹಿಡಿದ ಕೇಂದ್ರಗಳು ಸುತ್ತಮುತ್ತ ಹಲವು ಇವೆ. ನಾನಿದ್ದದ್ದು ಅಂಥದೇ ಒಂದು ಸಣ್ಣ ಕೇಂದ್ರದಲ್ಲಿ. ವಾರಕ್ಕೆ ಊಟ, ವಸತಿ ಸೇರಿ 25,000 ರೂಪಾಯಿ ಹತ್ತಿರ ಕೊಟ್ಟೆ. ಮಾಡಿದ್ದು ಹುಲ್ಲು ಇಳಿಸುವುದು, ಕುಂಬಳಕಾಯಿ ಹೆಚ್ಚುವುದು, ಲದ್ದಿ ಬಾಚುವುದು. ಆನೆಯನ್ನು ಮುಟ್ಟಿದ್ದು ಒಂದು ಸಲವೂ ಇಲ್ಲ.

ಅಲ್ಲೊಂದು ಮುದಿ ಹೆಣ್ಣಾನೆ ಇತ್ತು. ಮರ ಎಳೆದೂ ಎಳೆದೂ ಸೊಂಟ ಕುಸಿದಿತ್ತು, ಒಂದು ಕಣ್ಣು ಕಾಣುತ್ತಿರಲಿಲ್ಲ. ಆನೆಗೆ ಆಯುಷ್ಯದಲ್ಲಿ ಆರು ಸಲ ದವಡೆ ಹಲ್ಲು ಬರುತ್ತದೆ. ಆರನೆಯದೂ ಸವೆದರೆ ಹುಲ್ಲು ಅಗಿಯಲಾಗದೆ ಹೊಟ್ಟೆಗಿಲ್ಲದೆ ಸಾಯುತ್ತದೆ. ಇದರದ್ದು ಸವೆದಿತ್ತು. ದಿನಾ ಅನ್ನ ಬೇಯಿಸಿ, ಬಾಳೆಹಣ್ಣು, ಕುಂಬಳ, ಹುಣಸೆ ಸೇರಿಸಿ, ನಮ್ಮ ರಾಗಿಮುದ್ದೆಗಿಂತ ದೊಡ್ಡ ಮುದ್ದೆ ಕಟ್ಟಿ ಬುಟ್ಟಿಗೆ ತುಂಬುತ್ತಿದ್ದೆವು. ಅದು ಸೊಂಡಿಲ ತುದಿಯಿಂದ ಒಂದೊಂದನ್ನೂ ಒತ್ತಿ ನೋಡಿ, ಗಟ್ಟಿ ಇದ್ದದ್ದನ್ನು ಪಕ್ಕಕ್ಕಿಡುತ್ತಿತ್ತು. ಅದರ ಮಾವುತ ಕರೆನ್ ಜನಾಂಗದ ಒಬ್ಬ ವಯಸ್ಸಾದವರು. ದಿನಾ ಬೆಳಿಗ್ಗೆ ಲದ್ದಿಯನ್ನು ಕೈಯಲ್ಲೇ ಬಿಡಿಸಿ ನಾರು ಎಷ್ಟುದ್ದ ಇದೆ ಅಂತ ನೋಡುತ್ತಿದ್ದರು. ನಾರು ಉದ್ದವಿದ್ದರೆ ಆನೆ ಅಗಿದಿಲ್ಲ ಅಂತ, ಅವತ್ತು ಹುಲ್ಲು ಕಡಿಮೆ, ಮುದ್ದೆ ಹೆಚ್ಚು. ಬಿಸಿ ಇದೆಯಾ ಅಂತ ಮಾತ್ರ ಲದ್ದಿ ನೋಡಿ ಗೊತ್ತಿದ್ದ ನಾನು ಇದನ್ನು ಅವರಿಂದ ಕಲಿತೆ.

ಎಂಟು ಸಲ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ನಮ್ಮ ಯಸಳೂರು ಕಾಡಿನಲ್ಲಿ ಕಾಡಾನೆಯ ಜೊತೆ ಕಾದಾಡಿ ಸತ್ತಾಗ ಅವನ ಮಾವುತ ಅತ್ತದ್ದನ್ನು ನೀವೂ ಟಿವಿಯಲ್ಲಿ ನೋಡಿರುತ್ತೀರಿ. ಅಂಥ ನಂಟು ವರ್ಷಗಟ್ಟಲೆ ಜೊತೆಗಿದ್ದವರದು. ಎರಡು ವಾರಕ್ಕೆ ಹೋಗುವ ನಾವು ಆ ಮಾವುತನ ಕೆಲಸ ಹಗುರ ಮಾಡಿದರೆ ಸಾಕು, ಆನೆಯ ಪ್ರೀತಿ ಕೇಳಬಾರದು.

ದುಡ್ಡಿನ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಒಂದು ಆನೆಗೆ ದಿನಕ್ಕೆ 150 ಕಿಲೋ ಮೇವಾದರೂ ಬೇಕು. ಮೇಲೆ ಮಾವುತನ ಸಂಬಳ, ವೈದ್ಯರ ಖರ್ಚು. ನಮ್ಮ ಮೈಮುರಿದ ಕೆಲಸಕ್ಕಿಂತ ಆ ದುಡ್ಡೇ ಅವಕ್ಕೆ ಹೆಚ್ಚು ಉಪಯೋಗ, ಹಾಗಾಗಿ ಕೊಡಲು ಬೇಸರ ಬೇಡ. ಆದರೆ ಏಜೆನ್ಸಿಗೆ ಯಾಕೆ? ಕೇಂದ್ರಕ್ಕೇ ನೇರವಾಗಿ ಬರೆಯಿರಿ. ನಿಮ್ಮ 1,40,000ದಲ್ಲಿ ಮೇವಿಗೆ ಎಷ್ಟು, ಮಧ್ಯವರ್ತಿಗೆ ಎಷ್ಟು ಅಂತ ಏಜೆನ್ಸಿಯವರನ್ನು ಕೇಳಿ. ಹೇಳದಿದ್ದರೆ ಕೈಬಿಡಿ.

ರಕ್ಷಣಾ ಕೇಂದ್ರ ಅಂತ ಬೋರ್ಡ್ ಹಾಕಿದ್ದೆಲ್ಲ ರಕ್ಷಣೆಯಲ್ಲ. ಥಾಯ್ಲೆಂಡಿನ ಕಾಂಚನಬುರಿಯ ಹುಲಿ ದೇವಾಲಯ ಕೂಡ ಅನಾಥ ಹುಲಿಗಳಿಗೆ ಆಶ್ರಯ ಅಂತಲೇ ಹೇಳಿಕೊಂಡಿತ್ತು. ವಿದೇಶಿ ಸ್ವಯಂಸೇವಕರು ಮರಿಗಳಿಗೆ ಬಾಟಲಿ ಹಾಲು ಕುಡಿಸುತ್ತಿದ್ದರು. 2016ರಲ್ಲಿ ಅಧಿಕಾರಿಗಳು ನುಗ್ಗಿ 137 ಹುಲಿಗಳನ್ನು ಹೊರತಂದರು. ಫ್ರೀಜರ್‌ನಲ್ಲಿ 40 ಸತ್ತ ಮರಿಗಳು ಸಿಕ್ಕವು. ದಕ್ಷಿಣ ಆಫ್ರಿಕಾದಲ್ಲಿ ಸಿಂಹದ ಮರಿ ಸಾಕುವ ಸ್ವಯಂಸೇವೆಯ ಜಾಹೀರಾತು ನಿಮ್ಮ ಕಣ್ಣಿಗೂ ಬೀಳಬಹುದು. ಅಲ್ಲಿ ಎಷ್ಟೋ ಕಡೆ ಮರಿಗಳು ಅನಾಥವಲ್ಲ. ತಾಯಿ ಬೇಗ ಮತ್ತೆ ಗಬ್ಬವಾಗಲಿ ಅಂತ ಹುಟ್ಟಿದ ಕೆಲವೇ ದಿನಕ್ಕೆ ಕಿತ್ತು ತಂದಿರುತ್ತಾರೆ. ದೊಡ್ಡದಾದ ಮೇಲೆ ಬೇಲಿಯೊಳಗೆ ಬಿಟ್ಟು, ದುಡ್ಡು ಕೊಟ್ಟು ಬೇಟೆಯಾಡುವವರಿಗೆ ಮಾರುತ್ತಾರೆ. ತಾಯಿ ಇರುವ ಮಗುವನ್ನು ಅನಾಥ ಅನ್ನುವುದಕ್ಕೂ ಇದಕ್ಕೂ ನನಗೆ ವ್ಯತ್ಯಾಸ ಕಾಣುವುದಿಲ್ಲ.

ಹಾಗಾಗಿ ಬುಕ್ ಮಾಡುವ ಮುಂಚೆ ಇಮೇಲ್‌ನಲ್ಲಿ ಕೇಳಿ: ಇಲ್ಲಿ ಮರಿ ಹಾಕಿಸುತ್ತೀರಾ? ಪ್ರಾಣಿಗಳನ್ನು ಕೊಂಡು ಮಾರುತ್ತೀರಾ? ನಾನು ಮುಟ್ಟಬಹುದಾ, ಸ್ನಾನ ಮಾಡಿಸಬಹುದಾ? ಓಹೋ ಧಾರಾಳವಾಗಿ ಅಂದರೆ ಹೋಗಬೇಡಿ. ಸ್ನಾನ ನಿರುಪದ್ರವಿ ಅನ್ನಿಸುತ್ತದೆ, ಆದರೆ ಗುಂಪಿನ ಮೇಲೆ ಗುಂಪು ಬಂದಾಗ ಅದೇ ಆನೆಯನ್ನು ದಿನಕ್ಕೆ ಹಲವು ಸಲ ನೀರಿಗಿಳಿಸುತ್ತಾರೆ. 2025ರ ಜನವರಿಯಲ್ಲಿ ಥಾಯ್ಲೆಂಡಿನಲ್ಲಿ ಹೀಗೆ ಸ್ನಾನ ಮಾಡಿಸುತ್ತಿದ್ದ ಸ್ಪೇನ್ ದೇಶದ 22 ವರ್ಷದ ವಿದ್ಯಾರ್ಥಿನಿಯನ್ನು ಆನೆ ಕೊಂದಿತು. ಗ್ಲೋಬಲ್ ಫೆಡರೇಶನ್ ಆಫ್ ಆ್ಯನಿಮಲ್ ಸ್ಯಾಂಕ್ಚುರೀಸ್ ಅನ್ನುವ ಸಂಸ್ಥೆ ಕೇಂದ್ರಗಳನ್ನು ಪರಿಶೀಲಿಸಿ ಮಾನ್ಯತೆ ಕೊಡುತ್ತದೆ, ಅದರ ಪಟ್ಟಿಯನ್ನೂ ನೋಡಿ.

ಉಳಿದದ್ದು ಚಿಕ್ಕದು. ಸಂಬಳವಿಲ್ಲದ ಕೆಲಸವನ್ನೂ ಅನೇಕ ದೇಶಗಳು ಕೆಲಸ ಅಂತಲೇ ಲೆಕ್ಕ ಹಾಕುತ್ತವೆ, ಯಾವ ವೀಸಾ ಬೇಕು ಅಂತ ಕೇಂದ್ರದವರಿಂದ ಬರಹದಲ್ಲಿ ಪಡೆಯಿರಿ. ನೇಪಾಳಕ್ಕೆ ನಮಗೆ ವೀಸಾ ಬೇಡ. ರೇಬೀಸ್ ಲಸಿಕೆ ಮುಂಚಿತವಾಗಿ ಹಾಕಿಸಿಕೊಳ್ಳಿ, ಧನುರ್ವಾಯು ಇಂಜೆಕ್ಷನ್ ಕೂಡ. ಕೆಮ್ಮು, ನೆಗಡಿ ಇದ್ದರೆ ಪ್ರಾಣಿಗಳ ಹತ್ತಿರ ಹೋಗಬೇಡಿ. ನಮ್ಮ ಕ್ಷಯ ಆನೆಗೂ ತಗಲುತ್ತದೆ.

ಮಕ್ಕಳಿಗಾಗಿ ಏನಾದರೂ ಮಾಡಲೇಬೇಕು ಅನ್ನುವ ಮನಸ್ಸು ನಿಮ್ಮದು, ಅದನ್ನು ಬಿಡಬೇಡಿ. ನಮ್ಮ ತೋಟಗಳ ಲೈನ್‌ಮನೆಗಳಲ್ಲಿ ಈಗ ಅಸ್ಸಾಮಿನಿಂದ ಬಂದ ಕುಟುಂಬಗಳಿವೆ. ಕಾಫಿ ಕೊಯ್ಲಿನ ಹೊತ್ತಿಗೆ ಬಂದ ಮಕ್ಕಳು ಶಾಲೆಯ ಮೆಟ್ಟಿಲು ಹತ್ತದೆ ಕಣದಲ್ಲಿ ಆಡಿಕೊಂಡಿರುತ್ತವೆ. ನಾನು ವಾಪಸ್ ಬಂದ ಮೇಲೆ ಐದು ವರ್ಷದಿಂದ ಸಂಜೆ ಹೊತ್ತು ಅಂಥ ಹನ್ನೊಂದು ಮಕ್ಕಳಿಗೆ ಕನ್ನಡ, ಲೆಕ್ಕ ಹೇಳಿಕೊಡುತ್ತಿದ್ದೇನೆ. ನಮ್ಮ ಸರ್ಕಾರಿ ಶಾಲೆಯ ಮೇಷ್ಟ್ರನ್ನು ಕೇಳಿಕೊಂಡೇ, ಅವರು ಪಾಠ ನಿಲ್ಲಿಸಿದ ಜಾಗದಿಂದ. ರಾತ್ರಿ ಅವು ಅಪ್ಪ ಅಮ್ಮನ ಹತ್ತಿರ ಹೋಗಿ ಮಲಗುತ್ತವೆ. ಯಾವಾಗ ಹೋಗುತ್ತೀರಿ ಅಂತ ಅವು ನನ್ನನ್ನು ಈವರೆಗೆ ಕೇಳಿಲ್ಲ.

ಆನೆ ಕೇಂದ್ರಕ್ಕೆ ನಾನು ಹೇಳಿದ ಪ್ರಶ್ನೆಗಳನ್ನು ಇವತ್ತೇ ಬರೆದು ಕಳಿಸಿ. ಅವರು ಏನು ಉತ್ತರ ಕೊಟ್ಟರು ಅಂತ ಇಲ್ಲೇ ಕೆಳಗೆ ಹಾಕಿ, ಓದಿ ನನಗೆ ಅನ್ನಿಸಿದ್ದು ಹೇಳುತ್ತೇನೆ.