ಇಪ್ಪತ್ತು ಸಾವಿರದ ಸಂಬಳ, ಬೆಂಗಳೂರಿನ ಬದುಕು

ಪ್ರಶ್ನೆ: ಮಗಳಿಗೆ ಬೆಂಗಳೂರಿನ ಪೀಣ್ಯದಲ್ಲಿ ಕೆಲಸ ಸಿಕ್ಕಿದ್ದು, ಕೈಗೆ 20,000 ರೂಪಾಯಿ ಬರುತ್ತದೆ. ಕೊಳೆರೋಗದಿಂದ ಈ ಸಲ ಅಡಿಕೆಯೂ ಕೈಕೊಟ್ಟಿರುವುದರಿಂದ ನಾವು ಹಣ ಕಳುಹಿಸಲಾರೆವು. ಅವಳು ಅಲ್ಲಿ ನಿಭಾಯಿಸಬಹುದೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ನಿಭಾಯಿಸಬಹುದು, ಆದರೆ ಬಾಡಿಗೆ ಸಂಬಳದ ಮೂರನೇ ಒಂದು ಭಾಗವನ್ನು ದಾಟಬಾರದು. ಒಂಟಿಯಾಗಿ ಮನೆ ಹಿಡಿಯುವುದು ಸದ್ಯಕ್ಕೆ ಬೇಡ, ಏಕೆಂದರೆ ಬೆಂಗಳೂರಿನಲ್ಲಿ ಬಾಡಿಗೆಗಿಂತ ಮೊದಲು ಹಲವು ತಿಂಗಳ ಅಡ್ವಾನ್ಸ್ ಕೇಳುತ್ತಾರೆ, ಮನೆ ಬಿಡುವಾಗ ಬಣ್ಣ ಬಳಿಸುವ ಖರ್ಚೆಂದು ಅದರಲ್ಲಿ ಒಂದಿಷ್ಟು ಮುರಿದುಕೊಳ್ಳುವುದೂ ಅಲ್ಲಿ ರೂಢಿ. ಮೊದಲ ಕೆಲವು ತಿಂಗಳು ಪಿ.ಜಿ.ಯಲ್ಲಿದ್ದು, ಪರಿಚಯವಾದ ಇಬ್ಬರು ಸಹೋದ್ಯೋಗಿಗಳೊಡನೆ ದಾಸರಹಳ್ಳಿ ಅಥವಾ ಜಾಲಹಳ್ಳಿಯ ಕಡೆ ಮನೆ ಹುಡುಕಲಿ. ಶಿವಮೊಗ್ಗದ ರೈಲು ಹತ್ತಲು ಯಶವಂತಪುರವೂ ಅಲ್ಲಿಂದ ಹತ್ತಿರ.

ಮನೆಗೆ ಪ್ರತ್ಯೇಕ ಮೀಟರ್ ಇದೆಯೇ ಎಂದು ಮುಂಚೆಯೇ ಕೇಳಿಕೊಳ್ಳಲಿ. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಗೆ ಬಾಡಿಗೆದಾರರೂ ಅರ್ಜಿ ಹಾಕಬಹುದು. ಶಕ್ತಿ ಯೋಜನೆಯಡಿ 2023ರ ಜೂನ್‌ನಿಂದ ರಾಜ್ಯದ ಮಹಿಳೆಯರಿಗೆ ಬಿಎಂಟಿಸಿಯ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ದರವಿಲ್ಲ; ಊರಿಗೆ ಬರುವ ಕೆಂಪು ಬಸ್ಸಿಗೂ ಇದು ಅನ್ವಯ. ಮೆಟ್ರೊ ಪೀಣ್ಯಕ್ಕೇ ಹೋಗುತ್ತದೆಯಾದರೂ ಅದಕ್ಕೆ ದುಡ್ಡು ತೆರಬೇಕು.

ಹಣ ಸೋರುವುದು ಊಟದಲ್ಲಿ. ಮೊಬೈಲಿನಲ್ಲಿ ತರಿಸುವ ಒಂದು ರಾತ್ರಿಯೂಟದ ಬೆಲೆಗೆ ಮೂವರಿಗೆ ಎರಡು ದಿನದ ಅನ್ನ-ಸಾರು ಆದೀತು. ಹಣ ಕಳುಹಿಸಲಾಗದಿದ್ದರೂ ಕುಚ್ಚಲಕ್ಕಿ, ಮನೆಯ ಸಾರಿನ ಪುಡಿ, ಅಪ್ಪೆಮಿಡಿ ಉಪ್ಪಿನಕಾಯಿ ಕಳುಹಿಸಿ.